ಗಡಸು ನೀರು, ಶಾಲೆಯ ಅಂಗಿ ಮತ್ತು ಒಗೆಯುವ ಯಂತ್ರ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಭಾನುವಾರದ ಸಂಜೆಗೆ ತನ್ನದೇ ಆದ ಒಂದು ಆತಂಕವಿರುತ್ತದೆ. ಮಗುವಿಗೆ ಇರುವುದು ಎರಡೇ ಜೊತೆ ಸಮವಸ್ತ್ರ. ಒಂದು ಜೊತೆ ಶನಿವಾರದ ಆಟದ ಕರಿಮಣ್ಣನ್ನು ಹೊತ್ತು ಬಂದಿದೆ. ಇನ್ನೊಂದು ಒಗೆದು ಒಣಗಿದ್ದರೂ ಕೊರಳಪಟ್ಟಿಯ ಕಪ್ಪು ಹೋಗಿಲ್ಲ, ಬಿಳಿ ಅಂಗಿ ಬೂದಿಬಣ್ಣಕ್ಕೆ ತಿರುಗಿದೆ. ನಳದ ನೀರಿನ ಪಾಳಿ ಮುಗಿದಿದೆ. ಮುಂದಿನ ಪಾಳಿಗೆ ಕೆಲವು ದಿನ ಕಾಯಬೇಕು. ಉಳಿದಿರುವುದು ಬೋರಿನ ನೀರು. ಮೂಲೆಯಲ್ಲಿ ನಿಂತಿರುವ ಒಗೆಯುವ ಯಂತ್ರ ಕೊಂಡು ಎರಡು ವರ್ಷವಾಗಿಲ್ಲ, ಆಗಲೇ ತಿರುಗುವಾಗ ಗುಡುಗುತ್ತದೆ, ಮುಚ್ಚಳ ತೆರೆದರೆ ಕಮಟು ವಾಸನೆ ಬರುತ್ತದೆ. ಅದರೊಡನೆ ಬಂದ ಕೈಪಿಡಿ ಅಲಮಾರಿನಲ್ಲಿ ಭದ್ರವಾಗಿದೆ. ಆದರೆ ಯಂತ್ರವನ್ನು ದಿನವೂ ನಡೆಸುವ ತಾಯಿಗೆ ಓದಲು ಬರುವ ಭಾಷೆ ಕನ್ನಡ. ಕೈಪಿಡಿಯಲ್ಲಿ ಇಲ್ಲದಿರುವ ಭಾಷೆಯೂ ಅದೇ.

ಹೀಗಾದಾಗ ತಪ್ಪನ್ನು ಸಾಮಾನ್ಯವಾಗಿ ಯಂತ್ರದ ಮೇಲೋ ಸಾಬೂನಿನ ಪುಡಿಯ ಮೇಲೋ ಹೊರಿಸಲಾಗುತ್ತದೆ. ಹತ್ತರಲ್ಲಿ ಹಲವು ಸಲ ದೋಷವಿರುವುದು ನೀರು, ಪುಡಿಯ ಪ್ರಮಾಣ ಮತ್ತು ಆರೈಕೆ ಎಂಬ ಮೂರು ಸಂಗತಿಗಳಲ್ಲಿ. ಈ ಮೂರನ್ನೂ ತಿಳಿದುಕೊಂಡ ಮನೆಯಲ್ಲಿ ಅಂಗಿಯ ಆಯುಷ್ಯವೂ ಯಂತ್ರದ ಆಯುಷ್ಯವೂ ಹೆಚ್ಚುತ್ತವೆ.

ನೀರೇ ಮೊದಲ ಕಾರಣ

ಪ್ರೌಢಶಾಲೆಯ ಮಕ್ಕಳು ರಸಾಯನಶಾಸ್ತ್ರದಲ್ಲಿ ಓದುವ ‘ಗಡಸು ನೀರು’ ಎಂಬ ಪದ ಈ ಭಾಗದ ಮನೆಗಳಿಗೆ ನಿತ್ಯದ ಅನುಭವ. ದಖ್ಖನಿನ ಕಪ್ಪು ಬಂಡೆಯ ಬಿರುಕುಗಳಲ್ಲಿ ನಿಂತು ಬರುವ ಅಂತರ್ಜಲದಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿದ ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದಾಗ 600 ಮಿಲಿಗ್ರಾಂವರೆಗೆ ವಿನಾಯಿತಿಯಿದೆ. 200ರ ಮಿತಿಯೊಳಗಿನ ನೀರಿನಲ್ಲಿಯೂ ಸಾಬೂನು ಒಂದಿಷ್ಟು ವ್ಯರ್ಥವಾಗುತ್ತದೆ. ಮಿತಿ ಮೀರಿದ ಬೋರಿನ ನೀರಿನಲ್ಲಿ ನೊರೆಯೇ ಏಳುವುದಿಲ್ಲ.

ಗಡಸು ನೀರಿನಲ್ಲಿ ಸಾಬೂನು ಕೊಳೆಯನ್ನು ಹಿಡಿಯುವ ಮೊದಲು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಆ ಗಸಿ ನೂಲಿನ ಎಳೆಗಳ ನಡುವೆ ಕೂಡುತ್ತದೆ. ಬಿಳಿ ಅಂಗಿ ಬೂದಿಯಾಗುವುದು, ಟವೆಲು ಹಪ್ಪಳದಂತೆ ಬಿರುಸಾಗುವುದು ಇದರಿಂದಲೇ. ಡಿಟರ್ಜೆಂಟ್ ಪುಡಿಗಳಲ್ಲಿ ಗಡಸುತನವನ್ನು ಹಿಡಿದಿಡುವ ಪದಾರ್ಥಗಳನ್ನು ಬೆರೆಸಿರುತ್ತಾರಾದ್ದರಿಂದ ಅವು ಸಾಬೂನಿನ ಬಟ್ಟಿಗಿಂತ ಮೇಲು. ಆದರೂ ಅವುಗಳ ಶಕ್ತಿಗೊಂದು ಮಿತಿಯಿದೆ.

ನೀರನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ಮುಚ್ಚಳವಿರುವ ಎರಡು ಗಾಜಿನ ಬಾಟಲಿಗಳಲ್ಲಿ ಒಂದರಲ್ಲಿ ಮಳೆಯ ನೀರನ್ನೂ ಇನ್ನೊಂದರಲ್ಲಿ ಮನೆಯ ನೀರನ್ನೂ ಸಮನಾಗಿ ತುಂಬಿ, ಎರಡಕ್ಕೂ ಸಾಬೂನಿನ ಬಟ್ಟಿಯಿಂದ ಕೆರೆದ ಒಂದೇ ಅಳತೆಯ ಚೂರು ಹಾಕಿ ಕುಲುಕಬೇಕು. ಮಳೆಯ ನೀರಿನಲ್ಲಿ ದಟ್ಟ ನೊರೆ ನಿಲ್ಲುತ್ತದೆ. ಇನ್ನೊಂದರಲ್ಲಿ ನೊರೆ ಕಡಿಮೆಯಾಗಿ, ನೀರು ಹಾಲಿನಂತೆ ಕದಡಿದರೆ ಅದು ಗಡಸು ನೀರು. ಮಕ್ಕಳೇ ಮಾಡಿ ತೋರಿಸಬಹುದಾದ ಪ್ರಯೋಗವಿದು. ಪರೀಕ್ಷೆಗೆ ಓದಿದ ಕನ್ನಡದ ವಾಕ್ಯ ಅಡುಗೆಮನೆಯಲ್ಲಿ ಕೆಲಸಕ್ಕೆ ಬರುವುದನ್ನು ಮಗು ಕಾಣುವುದೂ ಒಂದು ಲಾಭವೇ.

ಪರಿಹಾರಗಳು ಸರಳ. ನಳದ ನೀರು ಬಂದ ದಿನ ಒಂದೆರಡು ಕೊಡ ಹೆಚ್ಚು ತುಂಬಿಟ್ಟು, ಕೊನೆಯ ಜಾಲಾಟಕ್ಕೆ ಅದನ್ನೇ ಬಳಸಬೇಕು. ಬೋರಿನ ನೀರನ್ನೇ ಬಳಸುವ ಅನಿವಾರ್ಯವಿದ್ದರೆ, ಹತ್ತಿಯ ಬಿಳಿ ಬಟ್ಟೆಗೆ ಪುಡಿ ಹಾಕುವ ಮೊದಲು ಒಂದೆರಡು ಚಮಚ ವಾಷಿಂಗ್ ಸೋಡಾವನ್ನು ನೀರಿನಲ್ಲಿ ಕರಗಿಸಿ ಸೇರಿಸಿದರೆ ಗಡಸುತನ ತಗ್ಗುತ್ತದೆ. ಉಣ್ಣೆ, ರೇಷ್ಮೆಗಳಿಗೆ ಸೋಡಾ ಸಲ್ಲದು.

ಪುಡಿ ಹೆಚ್ಚಾದರೆ ಕೊಳೆ ಹೆಚ್ಚುತ್ತದೆ

ಕೊಳೆ ಹೋಗಲಿಲ್ಲವೆಂದು ಇನ್ನೊಂದು ಹಿಡಿ ಪುಡಿ ಸುರಿಯುವುದು ಎಲ್ಲೆಡೆಯ ಅಭ್ಯಾಸ. ಯಂತ್ರದಲ್ಲಿ ಬಟ್ಟೆ ಶುದ್ಧವಾಗುವುದು ಬಟ್ಟೆಗಳು ಒಂದಕ್ಕೊಂದು ಉಜ್ಜುವುದರಿಂದ. ನೊರೆ ಅತಿಯಾದರೆ ಅದು ಹಾಸಿಗೆಯಂತೆ ನಡುವೆ ನಿಂತು ಉಜ್ಜಾಟವನ್ನೇ ತಡೆಯುತ್ತದೆ. ಜಾಲಿಸಿದರೂ ಹೋಗದ ಪುಡಿ ಬಟ್ಟೆಯಲ್ಲಿ ಉಳಿದು ಮಗುವಿನ ಮೈ ತುರಿಸುತ್ತದೆ. ಡ್ರಮ್ಮಿನ ಹಿಂಬದಿಯಲ್ಲಿ ಉಳಿದದ್ದು ಲೋಳೆಯಾಗಿ, ಶಿಲೀಂಧ್ರ ಬೆಳೆದು ಕಮಟು ವಾಸನೆ ಹುಟ್ಟಿಸುತ್ತದೆ. ಒಗೆದು ಒಣಗಿದ ಬಟ್ಟೆಯನ್ನು ಪುಡಿಯಿಲ್ಲದ ಬರಿಯ ನೀರಿನಲ್ಲಿ ಅದ್ದಿ ಹಿಂಡಿದಾಗ ನೊರೆ ಬಂದರೆ ಹಿಂದಿನ ಸಲ ಪುಡಿ ಹೆಚ್ಚಾಗಿತ್ತೆಂದೇ ಅರ್ಥ. ಮುಂಬಾಗಿಲಿನ ಯಂತ್ರಕ್ಕೆ ಅದಕ್ಕೆಂದೇ ತಯಾರಿಸಿದ ಕಡಿಮೆ ನೊರೆಯ ಪುಡಿಯನ್ನೇ ಬಳಸಬೇಕು. ಕೈಯೊಗೆತದ ಪುಡಿ ಅದರಲ್ಲಿ ನೊರೆಯುಕ್ಕಿಸುತ್ತದೆ.

ಯಂತ್ರದ ಮೇಲೆ ಬರೆದಿರುವ 7 ಕಿಲೋ ಎಂಬುದು ಒಣಗಿದ ಹತ್ತಿ ಬಟ್ಟೆಯ ಗರಿಷ್ಠ ತೂಕ. ಸಮವಸ್ತ್ರಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಬೆರೆತ ನೂಲಿನವು. ಅಂಥ ಬಟ್ಟೆಯ ಕಾರ್ಯಕ್ರಮಗಳಲ್ಲಿ ತೂಕದ ಮಿತಿ ಸಾಮಾನ್ಯವಾಗಿ ಅದರ ಅರ್ಧದಷ್ಟೇ ಇರುತ್ತದೆ. ಮುಂಬಾಗಿಲಿನ ಯಂತ್ರದಲ್ಲಿ ಬಟ್ಟೆ ತುಂಬಿದ ಮೇಲೆ ಅದರ ಮೇಲ್ಗಡೆ ಅಂಗೈ ಅಡ್ಡಲಾಗಿ ನುಸುಳುವಷ್ಟು ಜಾಗವಿರಬೇಕೆಂಬುದು ನೆನಪಿಡಲು ಸುಲಭವಾದ ಅಳತೆ.

ಈ ನಾಡಿನ ಹೆಮ್ಮೆಯಾದ ಸೊಲ್ಲಾಪುರಿ ಚಾದರಕ್ಕೆ ಬೇರೆಯೇ ಲೆಕ್ಕ. ದಪ್ಪ ಹತ್ತಿಯ ಚಾದರ ನೀರು ಕುಡಿದು ಭಾರವಾಗುತ್ತದೆ. ಒಂದೇ ಚಾದರವನ್ನು ಹಾಕಿದರೆ ಅದು ಮುದ್ದೆಯಾಗಿ ಒಂದು ಬದಿಗೆ ಕೂಡಿ, ಹಿಂಡುವ ವೇಳೆ ಯಂತ್ರ ಕುಣಿಯುತ್ತದೆ. ಅದೇ ಬಣ್ಣದ ಎರಡು ಟವೆಲುಗಳನ್ನು ಜೊತೆಗೆ ಹಾಕಿದರೆ ಭಾರ ಹಂಚಿಹೋಗುತ್ತದೆ. ಹೊಸ ಚಾದರವನ್ನು ಮೊದಲೆರಡು ಸಲ ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆಯಬೇಕು; ಬಣ್ಣ ಬಿಟ್ಟರೆ ಸಮವಸ್ತ್ರ ಹಾಳಾಗುತ್ತದೆ. ಟವೆಲುಗಳಿಗೆ ಮೃದುಗೊಳಿಸುವ ದ್ರವ ಹಾಕಬಾರದು. ಅದು ಎಳೆಗಳ ಮೇಲೆ ಪೊರೆಯಂತೆ ಕೂತು ನೀರು ಹೀರುವ ಗುಣವನ್ನೇ ಕಡಿಮೆ ಮಾಡುತ್ತದೆ.

ಕಡಿಮೆ ನೀರಿನಲ್ಲಿ ಹೆಚ್ಚು ಶುದ್ಧಿ

ನೀರಿಗೆ ಪಾಳಿಯಿರುವ ಊರುಗಳಲ್ಲಿ ಎರಡು ತೊಟ್ಟಿಗಳ ಅರೆ ಸ್ವಯಂಚಾಲಿತ ಯಂತ್ರ ಇಂದಿಗೂ ಉಪಯುಕ್ತ. ನಳದ ಒತ್ತಡವಿಲ್ಲದಿದ್ದರೂ ಕೊಡದಿಂದ ನೀರು ತುಂಬಬಹುದು, ಒಂದೇ ಸಾಬೂನಿನ ನೀರನ್ನು ಮತ್ತೆ ಮತ್ತೆ ಬಳಸಬಹುದು. ಮೊದಲು ಬಿಳಿ ಅಂಗಿ, ಅನಂತರ ತಿಳಿಬಣ್ಣ, ಆಮೇಲೆ ಗಾಢ ಬಣ್ಣ, ಕೊನೆಗೆ ಕಾಲೊರಸು ಎಂಬ ಕ್ರಮವಿರಬೇಕು.

ಇಲ್ಲಿ ಹಲವರು ಕಡೆಗಣಿಸುವ ಒಂದು ಉಪಾಯವಿದೆ: ಸಾಬೂನಿನ ನೀರಿನಿಂದ ತೆಗೆದ ಬಟ್ಟೆಯನ್ನು ಜಾಲಿಸುವ ಮೊದಲೇ ಒಮ್ಮೆ ಹಿಂಡುವ ತೊಟ್ಟಿಯಲ್ಲಿ ತಿರುಗಿಸುವುದು. ಒಂದು ಲೆಕ್ಕ ಹಾಕಿ ನೋಡಬಹುದು. ಬಟ್ಟೆಯಲ್ಲಿ 6 ಲೀಟರ್ ಸಾಬೂನಿನ ನೀರು ಉಳಿದಿದೆಯೆಂದು ಇಟ್ಟುಕೊಂಡರೆ, ಅದನ್ನು ನೇರವಾಗಿ 30 ಲೀಟರ್ ಶುದ್ಧ ನೀರಿಗೆ ಹಾಕಿದಾಗ ಸಾಬೂನಿನ ಸಾಂದ್ರತೆ ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೊದಲು ಹಿಂಡಿ 2 ಲೀಟರ್ ಮಾತ್ರ ಉಳಿಸಿಕೊಂಡು ಅಷ್ಟೇ ನೀರಿಗೆ ಹಾಕಿದರೆ ಅದು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎರಡು ನಿಮಿಷದ ಹಿಂಡುವಿಕೆ ಎಷ್ಟೋ ಕೊಡ ನೀರನ್ನು ಉಳಿಸುತ್ತದೆ.

ಕೊನೆಯ ಜಾಲಾಟದ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ, ಇಲ್ಲವೇ ಮುಂದಿನ ಸರದಿಯ ಮೊದಲ ನೀರಾಗಿ ಬಳಸಬಹುದು. ಸಾಬೂನಿನ ಮೊದಲ ನೀರನ್ನು ಮಾತ್ರ ಗಿಡಗಳಿಗೆ ದಿನವೂ ಹಾಕಬಾರದು. ಅದರಲ್ಲಿರುವ ಸೋಡಿಯಂ ಎರೆಮಣ್ಣಿನ ಕಣಗಳನ್ನು ಬಿಡಿಸಿ, ಭೂಮಿ ಗಟ್ಟಿಯಾಗಿ ನೀರು ಇಂಗದಂತೆ ಮಾಡುತ್ತದೆ. ಸವಳು ಭೂಮಿಯ ಕಷ್ಟವನ್ನು ಬಲ್ಲ ರೈತ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಿಸಿನೀರಿನ ಖರ್ಚನ್ನೂ ತೂಗಿ ನೋಡಬೇಕು. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯುನಿಟ್ ವಿದ್ಯುತ್ ಬೇಕು. ಬಿಸಿನೀರಿನ ಒಗೆತದಲ್ಲಿ ವಿದ್ಯುತ್ತಿನ ಹೆಚ್ಚಿನ ಪಾಲು ಹೋಗುವುದು ಕಾಯಿಸುವುದಕ್ಕೇ ಹೊರತು ತಿರುಗಿಸುವುದಕ್ಕಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಾಳಿಗೆಯ ಮೇಲಿನ ಕಪ್ಪು ತೊಟ್ಟಿಯ ನೀರು ತಾನಾಗಿಯೇ ಕಾದಿರುತ್ತದೆ. ಎಣ್ಣೆ, ಬೆವರಿನ ಬಟ್ಟೆಗಳಿಗೆ ಆ ಹೊತ್ತನ್ನು ಆರಿಸಿಕೊಂಡರೆ ಸೂರ್ಯನೇ ಪುಕ್ಕಟೆಯಾಗಿ ನೀರು ಕಾಯಿಸಿಕೊಟ್ಟಂತೆ.

ಕಲೆಗಳಿಗೆ ಅವುಗಳದೇ ಸ್ವಭಾವ

ಕರಿಮಣ್ಣಿನ ಕಲೆಯನ್ನು ಹಸಿಯಿದ್ದಾಗ ಉಜ್ಜಿದರೆ ನುಣುಪಾದ ಮಣ್ಣು ಎಳೆಯೊಳಗೆ ಇಳಿಯುತ್ತದೆ. ಒಣಗಲು ಬಿಟ್ಟು, ಬ್ರಶ್ಶಿನಿಂದ ಝಾಡಿಸಿ ಆಮೇಲೆ ಒಗೆಯಬೇಕು. ರಕ್ತದ ಕಲೆಗೆ ತಣ್ಣೀರೇ ಬೇಕು. ಬಿಸಿನೀರು ಅದನ್ನು ಬಟ್ಟೆಗೆ ಅಂಟಿಸಿಬಿಡುತ್ತದೆ. ಬಾಲ್‌ಪೆನ್ನಿನ ಶಾಯಿಗೆ ಕೆಳಗೊಂದು ಹಳೆಯ ಅರಿವೆ ಇಟ್ಟು, ಮದ್ಯಸಾರವಿರುವ ಕೈಶುದ್ಧಿ ದ್ರವವನ್ನು ಒತ್ತಿ ಒತ್ತಿ ಹಚ್ಚಿದರೆ ಶಾಯಿ ಕೆಳಗಿನ ಅರಿವೆಗೆ ಇಳಿಯುತ್ತದೆ. ಊಟದ ಡಬ್ಬಿಯ ಶೇಂಗಾ ಚಟ್ನಿ ಚೆಲ್ಲಿದರೆ ಅಲ್ಲಿ ಎಣ್ಣೆ ಮತ್ತು ಮೆಣಸಿನಕಾಯಿಯ ಬಣ್ಣ ಎರಡೂ ಇರುತ್ತವೆ. ಎಣ್ಣೆಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಸಾಕು; ಉಳಿದ ಕೆಂಪು ಬಿಸಿಲಿನಲ್ಲಿ ಮಾಸುತ್ತದೆ. ಅರಿಶಿಣದ ಕಲೆ ಸಾಬೂನು ತಾಗಿದೊಡನೆ ಕೆಂಪಾದರೆ ಗಾಬರಿ ಬೇಡ. ಕ್ಷಾರ ತಾಗಿದಾಗ ಅರಿಶಿಣ ಬಣ್ಣ ಬದಲಿಸುವುದು ಸಹಜ. ಚೆನ್ನಾಗಿ ಒಗೆದು ಬಿಸಿಲಿಗೆ ಹರವಿದರೆ ಅದೂ ತೆಳುವಾಗುತ್ತಾ ಹೋಗುತ್ತದೆ.

ಪಾಲಿಯೆಸ್ಟರ್ ಎಣ್ಣೆಯನ್ನು ಹಿಡಿದುಕೊಳ್ಳುವ ನೂಲು. ಕೊರಳಪಟ್ಟಿಯ ಕಪ್ಪು ಹೋಗದಿರಲು ಇದೇ ಕಾರಣ. ಪುಡಿಯನ್ನು ತುಸು ನೀರಿನಲ್ಲಿ ಕಲಸಿ ಕೊರಳಪಟ್ಟಿಗೆ ಸವರಿ ಅರ್ಧ ಗಂಟೆ ಬಿಟ್ಟು, ಆಮೇಲೆ ಯಂತ್ರಕ್ಕೆ ಹಾಕಿದರೆ ಫಲ ಸಿಗುತ್ತದೆ. ನೀಲಿಯ ಹನಿಯನ್ನು ನೇರವಾಗಿ ಬಟ್ಟೆಯ ಮೇಲೆ ಎಂದೂ ಹಾಕದೆ, ಬಕೆಟ್ ನೀರಿನಲ್ಲಿ ಕಲಕಿ ಬಳಸಬೇಕು.

ತಿಂಗಳಿಗೊಂದು ಗಂಟೆಯ ಆರೈಕೆ

ನೀರು ಒಳಬರುವ ಕೊಳವೆಯ ಬುಡದಲ್ಲಿ ಸಣ್ಣ ಜಾಲರಿಯೊಂದಿರುತ್ತದೆ. ಪಾಳಿಯ ನೀರಿನೊಡನೆ ಬರುವ ಮರಳು, ತುಕ್ಕು ಅಲ್ಲಿ ಕೂಡಿದರೆ ನೀರು ನಿಧಾನವಾಗುತ್ತದೆ, ಯಂತ್ರ ನೀರಿಲ್ಲವೆಂದು ನಿಲ್ಲುತ್ತದೆ. ದುರಸ್ತಿಗೆ ಕರೆಯುವ ಮೊದಲು ವಿದ್ಯುತ್ ಪ್ಲಗ್ ತೆಗೆದು, ನಳ ಮುಚ್ಚಿ, ಕೊಳವೆ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಆ ಜಾಲರಿಯನ್ನು ತಿಕ್ಕಿದರೆ ಎಷ್ಟೋ ಸಲ ಯಂತ್ರ ಮತ್ತೆ ನಡೆಯುತ್ತದೆ. ನೂಲಿನ ಪುಡಿ ಹಿಡಿಯುವ ಚೀಲವನ್ನು ಪ್ರತಿ ಒಗೆತದ ನಂತರ ತೊಳೆಯಬೇಕು. ಮುಂಬಾಗಿಲಿನ ಯಂತ್ರದ ಕೆಳಮೂಲೆಯ ಸೋಸುಕದಲ್ಲಿ ಗುಂಡಿ, ನಾಣ್ಯ, ಪಿನ್ನು ಸೇರಿಕೊಳ್ಳುತ್ತವೆ. ಒಳಗಿನ ನೀರು ತಣ್ಣಗಾದ ಮೇಲೆ ಕೆಳಗೊಂದು ತಟ್ಟೆಯಿಟ್ಟು ಮೆಲ್ಲನೆ ತಿರುಗಿಸಿ ತೆಗೆಯಬೇಕು. ಬಾಗಿಲಿನ ರಬ್ಬರಿನ ಮಡಿಕೆಯನ್ನು ಒಣ ಅರಿವೆಯಿಂದ ಒರೆಸಿ, ಬಾಗಿಲನ್ನು ತುಸು ತೆರೆದಿಟ್ಟರೆ ವಾಸನೆ ಹುಟ್ಟುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಯಂತ್ರವಿರುವ ಜಾಗಕ್ಕೆ ಅವರು ಒಂಟಿಯಾಗಿ ಹೋಗದಂತೆ ನೋಡಿಕೊಳ್ಳುವುದು ಇದಕ್ಕಿಂತ ಮುಖ್ಯ.

ಕಾಯಿಸುವ ಸರಳಿರುವ ಯಂತ್ರದಲ್ಲಿ ಗಡಸು ನೀರು ಕಾದಾಗ ಸುಣ್ಣದಂಥ ಪದರ ಆ ಸರಳಿನ ಮೇಲೆ ಕೂಡುತ್ತದೆ. ಕೈಪಿಡಿ ಬೇಡವೆನ್ನದಿದ್ದರೆ, ಎರಡು ಮೂರು ತಿಂಗಳಿಗೊಮ್ಮೆ 100 ಗ್ರಾಂನಷ್ಟು ಲಿಂಬುಸತ್ವವನ್ನು ಖಾಲಿ ಡ್ರಮ್ಮಿಗೆ ಹಾಕಿ, ಬಟ್ಟೆಯಿಲ್ಲದೆ 60 ಡಿಗ್ರಿಯಲ್ಲಿ ನಡೆಸಬಹುದು. ಆದರೆ ಬ್ಲೀಚ್ ಹಾಕಿದ ಯಂತ್ರದಲ್ಲಿ ಲಿಂಬುಸತ್ವವನ್ನಾಗಲಿ ವಿನೆಗರನ್ನಾಗಲಿ ಎಂದಿಗೂ ಬೆರೆಸಬಾರದು. ಎರಡೂ ಸೇರಿದರೆ ಏಳುವ ಕ್ಲೋರಿನ್ ವಿಷಾನಿಲ ಉಸಿರಾಟಕ್ಕೆ ಅಪಾಯಕಾರಿ.

ಯಂತ್ರ ಗುಡುಗಿದರೆ ಮೊದಲು ಅದರ ನಾಲ್ಕು ಕಾಲುಗಳು ನೆಲಕ್ಕೆ ಸಮನಾಗಿ ಕೂತಿವೆಯೇ ಎಂದು ನೋಡಬೇಕು. ಹೊಸ ಮುಂಬಾಗಿಲಿನ ಯಂತ್ರದ ಹಿಂಬದಿಯಲ್ಲಿ ಸಾಗಣೆಗೆಂದು ಹಾಕಿದ ಬೋಲ್ಟುಗಳನ್ನು ತೆಗೆಯದೆ ಚಾಲೂ ಮಾಡಿದರೆ ಯಂತ್ರವೇ ಹಾಳಾದೀತು. ಭೂಸಂಪರ್ಕವಿರುವ ಮೂರು ಕಡ್ಡಿಯ ಸಾಕೆಟ್ಟಿಗೇ ಜೋಡಿಸಬೇಕು, ಎಕ್ಸ್‌ಟೆನ್ಷನ್ ತಂತಿ ಬೇಡ. ಮುಟ್ಟಿದಾಗ ಕೈ ಜುಮ್ಮೆಂದರೆ ಮುಖ್ಯ ಸ್ವಿಚ್ಚನ್ನು ಆರಿಸಿ, ಯಂತ್ರದ ಬಳಕೆಯನ್ನು ಆ ಕ್ಷಣವೇ ನಿಲ್ಲಿಸಿ, ವಿದ್ಯುತ್ ಕೆಲಸ ಬಲ್ಲವರಿಗೆ ತೋರಿಸಬೇಕು. ಒದ್ದೆ ನೆಲದ ಮೇಲೆ ನಿಂತು ನಡೆಸುವ ಯಂತ್ರವಿದು. ಇಲ್ಲಿ ಉದಾಸೀನ ಜೀವಕ್ಕೆ ಮುಳುವಾದೀತು.

ಕೈಪಿಡಿ ಕನ್ನಡದಲ್ಲಿಲ್ಲದಿದ್ದರೆ

ಬಟ್ಟೆಯ ಒಳಚೀಟಿಯ ಚಿಹ್ನೆಗಳಿಗೆ ಭಾಷೆಯ ಹಂಗಿಲ್ಲ. ನೀರಿನ ತೊಟ್ಟಿಯ ಚಿತ್ರದೊಳಗಿನ ಅಂಕಿ ನೀರಿನ ಗರಿಷ್ಠ ಉಷ್ಣತೆಯನ್ನು ಹೇಳುತ್ತದೆ. ತೊಟ್ಟಿಯಲ್ಲಿ ಕೈಯಿದ್ದರೆ ಕೈಯಿಂದಲೇ ಒಗೆಯಬೇಕು. ತ್ರಿಕೋನದ ಮೇಲೆ ಗೀಟಿದ್ದರೆ ಬ್ಲೀಚ್ ಸಲ್ಲದು. ಇಸ್ತ್ರಿಪೆಟ್ಟಿಗೆಯ ಮೇಲಿನ ಚುಕ್ಕೆಗಳು ಹೆಚ್ಚಿದಷ್ಟೂ ಹೆಚ್ಚಿನ ಬಿಸಿಯನ್ನು ತಾಳುತ್ತದೆ. ಯಂತ್ರದ ಫಲಕದ ಅಕ್ಷರಗಳಿಗೆ ಮಾತ್ರ ಅನುವಾದ ಬೇಕು. ಪ್ರೌಢಶಾಲೆಯ ಮಗು ಕೈಪಿಡಿಯನ್ನು ಓದಿ, ‘ಹತ್ತಿ’, ‘ನಾಜೂಕು’, ‘ಜಾಲಿಸು’, ‘ಹಿಂಡು’, ‘ಬಾಗಿಲು ಮುಚ್ಚಿಲ್ಲ’, ‘ನೀರು ಹೋಗುತ್ತಿಲ್ಲ’ ಎಂದು ಕನ್ನಡದಲ್ಲಿ ಬರೆದು ಫಲಕದ ಪಕ್ಕಕ್ಕೆ ಅಂಟಿಸಿದರೆ, ಮನೆಯ ಎಲ್ಲರಿಗೂ ಯಂತ್ರ ತಮ್ಮದಾಗುತ್ತದೆ. ಅಜ್ಜಿಯೂ ಹಿಂಜರಿಯದೆ ಗುಂಡಿ ಒತ್ತುವ ದಿನ ಬರುತ್ತದೆ.

ಯಂತ್ರ ನಿಜವಾಗಿಯೂ ದೋಷದ್ದಾಗಿದ್ದರೆ ಕಾನೂನಿನ ರಕ್ಷಣೆಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದಲ್ಲಿ 30 ದಿನಗಳೊಳಗೆ, ಹಿಂತೆಗೆದುಕೊಂಡು ಹಣ ಮರಳಿಸಲು ನಿರಾಕರಿಸುವುದೂ ಅಂಥದ್ದೇ. ‘ಮಾರಿದ ಮಾಲು ವಾಪಸಿಲ್ಲ’ ಎಂಬ ಅಂಗಡಿಯ ಹಲಗೆ ದೋಷಯುಕ್ತ ಸರಕಿನ ವಿಷಯದಲ್ಲಿ ಗ್ರಾಹಕನ ಹಕ್ಕನ್ನು ಕಸಿಯಲಾರದು. ಆದರೆ ‘ಮೋಟಾರಿಗೆ 10 ವರ್ಷ’ ಎಂಬ ದೊಡ್ಡ ಅಕ್ಷರದ ಖಾತರಿ ಹೆಚ್ಚಾಗಿ ಮೋಟಾರಿನ ಬಿಡಿಭಾಗಕ್ಕೆ ಮಾತ್ರ ಅನ್ವಯಿಸುತ್ತದೆ; ಕೂಲಿ, ಪಂಪು, ಫಲಕಗಳಿಗೆ ಬೇರೆ ಅವಧಿ ಇರಬಹುದು. ಆ ಸಣ್ಣ ಅಕ್ಷರಗಳನ್ನು ಕೊಳ್ಳುವ ಮುನ್ನವೇ ಯಾರಿಂದಾದರೂ ಓದಿಸಿ ಕೇಳಬೇಕು.

ಬಿಲ್ಲು, ಖಾತರಿಪತ್ರ, ಯಂತ್ರದ ಕ್ರಮಸಂಖ್ಯೆಯ ಛಾಯಾಚಿತ್ರ, ದೂರಿನ ಸಂಖ್ಯೆ ಮತ್ತು ದಿನಾಂಕ, ದುರಸ್ತಿಗೆ ಬಂದವರು ದೋಷವೇನೆಂದು ಬರೆದುಕೊಟ್ಟ ಚೀಟಿ, ಇವಿಷ್ಟನ್ನೂ ಒಂದೇ ಲಕೋಟೆಯಲ್ಲಿ ಇಡಬೇಕು. ಬಾಯಿಮಾತಿನ ಭರವಸೆಗಿಂತ ಆ ಚೀಟಿಗೆ ಬೆಲೆ ಹೆಚ್ಚು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದರ ಸೇವೆ ದೊರೆಯುವ ಭಾಷೆಗಳಲ್ಲಿ ಕನ್ನಡವೂ ಒಂದು. ಅಲ್ಲಿಗೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಅಂಗಡಿ ಬೇರೆ ಊರಿನದಾದರೂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಗಡಿ ದಾಟಿ ವಿಜಯಪುರದಲ್ಲೋ ಕಲಬುರಗಿಯಲ್ಲೋ ಯಂತ್ರ ಕೊಂಡವರಿಗೆ ಇದು ಬಹಳ ಅನುಕೂಲ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂಬ ನಿಯಮವೂ ಇಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕೆಂಬುದನ್ನು ಮಾತ್ರ ಮರೆಯಬಾರದು.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ ನೆಲವಿದು. ಬಟ್ಟೆ ಒಗೆಯುವ ಕೆಲಸವನ್ನೇ ಕಾಯಕವಾಗಿ ನಡೆಸಿದ ಮಡಿವಾಳ ಮಾಚಿದೇವನನ್ನು ಇಂದಿಗೂ ನೆನೆಯುವ ಜನರದು. ನೀರನ್ನು ಹಿತಮಿತವಾಗಿ ಬಳಸುವುದೂ ಒಗೆಯುವ ಕೆಲಸಕ್ಕೆ ತಕ್ಕ ಗೌರವ ಕೊಡುವುದೂ ಇಲ್ಲಿನ ಮನೆಗಳಿಗೆ ಹೊಸ ಪಾಠಗಳಲ್ಲ. ಒಂದು ಲಕೋಟೆ, ಕನ್ನಡದಲ್ಲಿ ಬರೆದ ಒಂದು ಚೀಟಿ, ತಿಂಗಳಿಗೊಂದು ಗಂಟೆ ಇಷ್ಟನ್ನು ಯಂತ್ರಕ್ಕೆ ಮೀಸಲಿಟ್ಟರೆ, ಸೋಮವಾರ ಬೆಳಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲುವ ಮಗುವಿನ ಅಂಗಿ ಬಿಳಿಯಾಗಿಯೇ ಇರುತ್ತದೆ.